ಸೇಡಂದಾಕಿಯ ಹೆಸರು

ಮೊನ್ನೆ ರದ್ದಿ ಅಂಗಡಿಯಲ್ಲಿ ಹಳೆಯ ಪ್ರಿಂಟರ್ ಕಾಗದದ ಕಟ್ಟೊಂದು ಕಂಡಿತು. ಎರಡೂ ಅಂಚಿಗೆ ಸಾಲು ತೂತು, ಹರಿಯದೆ ಬಿಡಿಸುತ್ತ ಹೋದರೆ ಓಣಿಯುದ್ದ ಹಾಸಬಹುದಾದ ಕಾಗದ. ಅದನ್ನು ನೋಡಿದ್ದೇ ದಿಲ್‌ಸುಖ್‌ನಗರದ ನಮ್ಮ ಮನೆ ಮಾಲೀಕರು ನೆನಪಾಗಿ ಅಂಗಡಿಯಲ್ಲೇ ನಗು ಬಂತು...

ಗೋಡೆಗೊಂದರಂತೆ ಕಂಪ್ಯೂಟರ್ ಕಲಿಸುವ ಬೋರ್ಡುಗಳಿದ್ದ ಕಾಲ ಅದು. ನಾನೂ ಒಂದು ಸಾಫ್ಟ್‌ವೇರ್ ಕಂಪನಿ ಸೇರಿ ಅವರ ಮಹಡಿಯ ಮೇಲೆ ಬಾಡಿಗೆಗಿದ್ದೆ. ಮಾಲೀಕರು ರಾಯಚೂರು ಕಡೆಯವರು, ಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಆಫೀಸಿನಲ್ಲಿ ಎಸೆಯುವ ಆ ಕಾಗದವನ್ನು ನನ್ನಿಂದ ತರಿಸಿಕೊಂಡು ಅದರ ಹಿಂಬದಿಯಲ್ಲಿ ಕಂಡಕಂಡವರ ವಂಶಾವಳಿ ಬರೆಯುವುದು ಅವರ ಹುಚ್ಚು. "ಎಷ್ಟ್ ಮಕ್ಕಳು ಹುಟ್ಟಿದ್ರೂ ಜಾಗಾ ಐತ್ರಿ ಇದರಾಗ," ಎನ್ನುತ್ತಿದ್ದರು.

ನಿವೃತ್ತರಿಗೆ ಬಿಡುವು ಹೆಚ್ಚು ಎಂದು ನಾನು ತಿಳಿದಿದ್ದೆ. ಅವರ ವಾರ ನೋಡಿದ ಮೇಲೆ ಆ ಭ್ರಮೆ ಬಿಟ್ಟಿತು. ಸೋಮವಾರ, ಮಂಗಳವಾರ ನಾಂಪಲ್ಲಿಯ ಕಚೇರಿಯಲ್ಲಿ ತಮ್ಮ ಕಡೆಯ, ನಿಜಾಮರ ಕಾಲದ ಜಮೀನು ದಾಖಲೆಗಳ ಧೂಳು ಕುಡಿಯುವುದು. ಆ ದಾಖಲೆಗಳೆಲ್ಲ ಉರ್ದುವಿನಲ್ಲಿರುವುದರಿಂದ ಬುಧವಾರ ಉರ್ದು ಪಾಠ. ಗುರುವಾರ ನನ್ನಿಂದ ಕಂಪ್ಯೂಟರ್ ಪಾಠ. ಶನಿವಾರ ತಮ್ಮ ಕಡೆಯಿಂದ ದುಡಿಯಲು ಬಂದವರಿಗೆ ಕೇಳಿದ ಕಾಗದಪತ್ರ ಬರೆದುಕೊಡುವ ಸೇವೆ.

ಒಂದು ಸೋಮವಾರ ಬೆಳಿಗ್ಗೆ ಪಕ್ಕದ ಕಟ್ಟಡ ಕಟ್ಟುತ್ತಿದ್ದ ಗೌಂಡಿ ಬಂದು ಬಾಗಿಲಲ್ಲಿ ನಿಂತ. ಯಾದಗಿರಿ ಕಡೆಯವನು. ಹೆಂಡತಿ ಹೆಣ್ಣು ಹಡೆದಿದ್ದಳು, ಬರುವ ಭಾನುವಾರ ತೊಟ್ಟಿಲು. ಮಗಳಿಗೆ ತನ್ನ ಅವ್ವನ ಹೆಸರಿಡಬೇಕೆಂಬುದು ಅವನ ಆಸೆ. ಆದರೆ ಅವ್ವನ ಹೆಸರೇ ಅವನಿಗೆ ಗೊತ್ತಿರಲಿಲ್ಲ!

"ನಾ ಮೂರ್ ವರ್ಷದಾವ ಇದ್ದಾಗ ಸತ್ಲರಿ. ಅಪ್ಪ 'ಏ ಇಕಿನ' ಅಂತ ಕರೀತಿದ್ದ. ತವರು ಸೇಡಂ ಅಂತ ಮಂದಿ ಸೇಡಂದಾಕಿ ಅಂತಿದ್ರು. ಈಗ ಅಪ್ಪನೂ ಇಲ್ಲ, ಆಕಿ ತವರಾಗೂ ಯಾರಿಲ್ಲ. ಊರಾಗ ಯಾರ್ನ ಕೇಳಿದ್ರೂ ಸೇಡಂದಾಕಿ, ಸೇಡಂದಾಕಿ ಅಂತಾರ್ರೀ. ಕೂಸಿಗಿ ಹಂಗ ಹೆಸರಿಡಾಕ್ ಬರ್ತೈತೇನ್ರಿ?"

ಮಾಲೀಕರು ಅಂದೇ ನಾಂಪಲ್ಲಿಗೆ ಓಡಿದರು. ಮರುದಿನವೂ ಹೋಗಿ ಹುಡುಕಿ, ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಬಂದರು. ಗೌಂಡಿಯ ಮನೆಯ ಹೊಲದ ದಾಖಲೆಯಲ್ಲಿ ಅಜ್ಜ ಇದ್ದ, ಮುತ್ತಜ್ಜ ಇದ್ದ, ಬಾವಿ, ಬೇವಿನ ಮರ ಕೂಡ ಇದ್ದವು. ಹೆಂಗಸರು ಮಾತ್ರ ಒಬ್ಬರೂ ಇರಲಿಲ್ಲ.

ಗುರುವಾರ ನಾನು ಜಂಬದಿಂದ, ಅವರಿಗೆಂದೇ ಬರೆದ ವಂಶಾವಳಿಯ ಪ್ರೋಗ್ರಾಂ ತೆರೆದು ತೋರಿಸಿದೆ. ಹೆಸರು, ತಂದೆಯ ಹೆಸರು, ಊರು. ಮಾಲೀಕರು ಕನ್ನಡಕ ಏರಿಸಿ ನೋಡಿದರು.

"ಅಲ್ರೀ, ಇದರಾಗಿನ ಮಂದಿ ಎಲ್ಲಾ ಅಪ್ಪನ ಹೊಟ್ಯಾಗ ಹುಟ್ಯಾರೇನ್ರಿ?"

ನನ್ನ ಕಿವಿ ಬಿಸಿಯಾಯಿತು. ಆ ವಾರ ನನ್ನಿಂದಾದ ಒಂದೇ ಉಪಕಾರವೆಂದರೆ ತಾಯಿಯ ಹೆಸರಿಗೊಂದು ಕಾಲಂ ಸೇರಿಸಿದ್ದು. ತುಂಬುವುದಕ್ಕೆ ಹೆಸರಂತೂ ಇರಲಿಲ್ಲ.

ಗೌಂಡಿಯ ಊರಿನ ಮುದುಕಿಯೊಬ್ಬಳು ಪಟಾನ್‌ಚೆರುವಿನಲ್ಲಿ ಮಗನ ಜೊತೆ ಇದ್ದಾಳೆಂದು ಸುದ್ದಿ ಸಿಕ್ಕಿ, ಶನಿವಾರ ಮೂವರೂ ಬಸ್ಸು ಹತ್ತಿದೆವು. ಮುದುಕಿ ಚಹಾ ಕೊಟ್ಟಳು, ಗೌಂಡಿಯ ಗಲ್ಲ ಹಿಡಿದು ಅತ್ತಳು, ಕೊನೆಗೆ ಅವಳೂ ಸೇಡಂದಾಕಿ ಎಂದೇ ಅಂದಳು. ಗೌಂಡಿ ತಲೆ ತಗ್ಗಿಸಿ ಕೂತುಬಿಟ್ಟ. ನನಗಂತೂ ಅವನ ಮುಖ ನೋಡಲಾಗಲಿಲ್ಲ.

ಮಾಲೀಕರು ಮಾತ್ರ ಚಹಾ ಮುಗಿಸಿ, ಹೆಸರಿನ ಗೊಡವೆಯನ್ನೇ ಬಿಟ್ಟು ಬೇರೊಂದು ಕೇಳಿದರು: "ಯಮ್ಮಾ, ಆಕಿ ಮದುವಿಗಿ ಹೋಗಿದ್ರೇನು? ಗಂಡ ಏನ್ ಒಡಪು ಹಾಕಿದ್ದ?"

ಆ ಸೀಮೆಯಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳುವುದಿಲ್ಲ. ಮದುವೆಯ ದಿನ ಮಾತ್ರ ಮಂದಿ ಬಿಡುವುದಿಲ್ಲ. ಪ್ರಾಸ ಕಟ್ಟಿ, ಅದರಲ್ಲಿ ಹೆಸರು ಸೇರಿಸಿ ಹೇಳಲೇಬೇಕು. ಅದೇ ಒಡಪು. ಮುದುಕಿಗೆ ತಟ್ಟನೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅಂದಳು:

"ಕಟ್ಟಿ ಮ್ಯಾಲಿನ ನಾಯಿ ಬೊಗಳತೈತಿ ಭಾಳ,
ಚಂದಮ್ಮ ಕಣ್ಣು ಬಿಟ್ರ ಮುದುರತೈತಿ ಬಾಲ!"

ಅಂದವಳೇ ಬೆಚ್ಚಿದಳು. "ಅಯ್ಯ ಶಿವನ, ಚಂದಮ್ಮ! ಚಂದಮ್ಮ ಅಲ್ಲೇನ ಆಕಿ!"

ಬಸ್ಸಿನಲ್ಲಿ ಗೌಂಡಿ ಆ ಒಡಪನ್ನು ಎಷ್ಟು ಸಲ ಹೇಳಿದನೋ... ಹೇಳುವುದು, ನಗುವುದು, ಕಣ್ಣೊರೆಸಿಕೊಳ್ಳುವುದು. ಭಾನುವಾರ ತೊಟ್ಟಿಲ ಕೂಸಿನ ಕಿವಿಯಲ್ಲಿ ಆ ಹೆಸರು ಕೂಗಿದಾಗ ಮಾಲೀಕರು ತಾವೇ ಗೆದ್ದವರಂತೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಅಷ್ಟು ಸಂತೋಷದ ಭಾನುವಾರಗಳು ನನ್ನ ಪಾಲಿಗೆ ಹೆಚ್ಚಿಲ್ಲ.

ಅವರು ತೀರಿಕೊಂಡು ಆರು ವರ್ಷವಾಯಿತು. ರದ್ದಿ ಅಂಗಡಿಯಿಂದ ಬಂದ ಸಂಜೆ ತಡೆಯಲಾರದೆ ಅವರ ಮಗನಿಗೆ ಫೋನ್ ಮಾಡಿದೆ. ಇಬ್ಬರೂ ಆ ನಾಯಿಯ ಒಡಪು ನೆನೆದು ಬಹಳ ನಕ್ಕೆವು. ಆಮೇಲೆ ಅವರು ಕೇಳಿದರು:

"ಅಪ್ಪನ ಕರ್ಮದ ದಿನ ಪುರೋಹಿತರು ಅಪ್ಪನ ಅವ್ವನ ಹೆಸರು ಕೇಳಿದ್ರು. ನಮಗ ಬರೇ ಅಜ್ಜಿ ಅಂತ ಗೊತ್ತು. ಕಪಾಟ್ ತುಂಬಾ ಮಂದಿ ಮನಿ ವಂಶಾವಳಿ, ನಮ್ಮದು ಬರಿಯಾಕ ಅಪ್ಪ ಕುಂತೇ ಇಲ್ಲ. ನಿಮ್ಮ ಮುಂದ ಯಾವಾಗರ ಹೇಳಿದ್ರೇನ್ರಿ?"

ನಾಲ್ಕು ವರ್ಷ ಆ ಮನೆಯಲ್ಲಿದ್ದೆ. ಒಂದು ದಿನವೂ ನಾನು ನಿಮ್ಮ ತಾಯಿಯ ಹೆಸರೇನು ಎಂದು ಅವರನ್ನು ಕೇಳಿರಲಿಲ್ಲ.