ವಿಚಾರಿಸಲು ಊರಿಲ್ಲದವರು

ನಿರಾಶ್ರಿತರು ಎಂದರೆ ಗಡಿ ದಾಟಿ ಬಂದವರು ಎಂದೇ ಎಲ್ಲರೂ ತಿಳಿದಿದ್ದ ಕಾಲ. ನಾವು ದಾಟಿದ್ದು ಮೂರೇ ಮೈಲಿ, ಹಾಗಾಗಿ ನಮ್ಮನ್ನು ಯಾರೂ ಹಾಗೆ ಕರೆಯಲಿಲ್ಲ. ಐವತ್ತರ ದಶಕದಲ್ಲಿ ಜಾಲಹಳ್ಳಿ ಕಡೆ ಕಾರ್ಖಾನೆಗೆಂದು ಜಮೀನು ತೆಗೆದುಕೊಂಡಾಗ ನಮ್ಮ ಪುಟ್ಟ ಊರೂ ಅದರ ಜೊತೆಗೇ ಹೋಯಿತು. ಪರಿಹಾರ ಕೊಟ್ಟರು, ಇಲ್ಲವೆನ್ನುವುದಿಲ್ಲ. ಚಿಕ್ಕಪ್ಪ ಶೆಟ್ಟಿಹಳ್ಳಿ ಸೇರಿದ, ಸೋದರಮಾವ ಬ್ಯಾಟರಾಯನಪುರಕ್ಕೆ ಹೋದ. ಉಳಿದವರು ಎಲ್ಲೆಲ್ಲಿ ಚೆದುರಿದರೋ! ರಾಗಿ ಬೆಳೆಯುತ್ತಿದ್ದ ಅಪ್ಪ ಯಶವಂತಪುರದಲ್ಲಿ ಬಾಡಿಗೆ ಮನೆ ಹಿಡಿದು ಗೂಡ್ಸ್‌ಶೆಡ್ಡಿನಲ್ಲಿ ಮೂಟೆ ಹೊತ್ತ.

ಊರಿನ ಜೊತೆ ಇನ್ನೇನು ಹೋಗುತ್ತದೆ ಎನ್ನುವುದು ನನಗೆ ತಿಳಿದದ್ದು ನನ್ನ ಮದುವೆಯ ಮಾತು ಎದ್ದಾಗ. ನಮ್ಮವರಲ್ಲಿ ಹೆಣ್ಣು ನೋಡಿ ಹೋದ ಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು ಹೆಣ್ಣಿನ ಊರಿಗೆ ಹೋಗಿ, ಅರಳಿಕಟ್ಟೆಯಲ್ಲೋ ಬಾವಿಯ ಹತ್ತಿರವೋ ನಾಲ್ಕು ಜನರನ್ನು ಕಂಡು, ಮನೆತನ ಹೇಗೆ ಎಂದು ವಿಚಾರಿಸುತ್ತಿದ್ದರು. ನೆಂಟರ ಮಾತು ಲೆಕ್ಕಕ್ಕಿಲ್ಲ, ನೆಂಟರು ಹೊಗಳುವುದು ಇದ್ದದ್ದೇ. ನಮ್ಮ ಬಗ್ಗೆ ಯಾರನ್ನು ಕೇಳುವುದು? ಕಾರ್ಖಾನೆಯ ಕಾಂಪೌಂಡ್ ಗೋಡೆಯನ್ನೇ? ಎರಡು ಸಂಬಂಧ ಹೀಗೇ ಮುರಿದುಬಿದ್ದವು. ಹಿಂದುಮುಂದು ಗೊತ್ತಿಲ್ಲದ ಜನವಂತೆ ನಾವು! ತಾತ ಮುತ್ತಾತನ ಕಾಲದಿಂದ ಒಂದೇ ಮಣ್ಣಿನಲ್ಲಿ ಇದ್ದವರಿಗೆ ಈ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು.

ಮೂರನೆಯ ಸಂಬಂಧ ಯಲಹಂಕದ್ದು. ಹುಡುಗ ನನಗೆ ಹಿಡಿಸಿದ್ದ, ಅದನ್ನು ಬಾಯಿಬಿಟ್ಟು ಹೇಳುವ ಕಾಲ ಅದಲ್ಲ. ಮಾತಿಗೆ ಬಂದವರು ಅವನ ದೊಡ್ಡಪ್ಪ.

“ನಿಮ್ಮೂರೋರು ಒಬ್ರನ್ನಾದ್ರೂ ತೋರ್ಸಿ ಯಜಮಾನ್ರೇ. ಕೇಳ್ದೆ ಇದ್ರೆ ಮನೇಲಿ ಒಪ್ಪಲ್ಲ,” ಎಂದರು.

ಅಪ್ಪ, “ತಣಿಸಂದ್ರದಾಗೆ ಒಬ್ಬ ಅವ್ನೆ. ಅವ್ನನ್ನೇ ಕೇಳಿ,” ಎಂದ.

ಆ ಒಬ್ಬ ನಮ್ಮ ಪಕ್ಕದ ಹೊಲದವನು. ಬದು ಒತ್ತಿದ್ದಾನೆ ಎಂದು ಅವನೂ ಅಪ್ಪನೂ ಜಗಳವಾಡಿ, ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಹೊಲವೂ ಬದುವೂ ಕಾರ್ಖಾನೆಯ ಪಾಲಾದವು, ಸಿಟ್ಟನ್ನು ಮಾತ್ರ ಇಬ್ಬರೂ ಜೋಪಾನವಾಗಿ ಇಟ್ಟುಕೊಂಡಿದ್ದರು. ಅಪ್ಪನಿಗೆ ತಲೆ ಕೆಟ್ಟಿದೆಯೇ ಎಂದು ನಾನು ಒಳಗೇ ಕುದಿದೆ.

“ಓಗಿ ಓಗಿ ಅವ್ನನ್ನ ಯಾಕ್ ತೋರ್ಸ್ದೆ?” ಎಂದು ಅಮ್ಮ ಕಣ್ಣೀರು ಹಾಕಿದಳು.

“ಇನ್ಯಾರವ್ರೆ, ನೀನೇ ಯೋಳು,” ಎಂದ ಅಪ್ಪ.

ಎಂಟು ದಿನ ಸುದ್ದಿಯಿಲ್ಲ. ತಣಿಸಂದ್ರದ ಆ ಮನುಷ್ಯನಿಗೆ ನಾನು ಹಾಕದ ಶಾಪವಿಲ್ಲ. ಒಂಬತ್ತನೆಯ ದಿನ ಹುಡುಗನ ದೊಡ್ಡಪ್ಪ ಹೂವು, ಬಾಳೆಹಣ್ಣು, ತೆಂಗಿನಕಾಯಿ ಹಿಡಿದುಕೊಂಡು ಬಂದರು. ಒಪ್ಪಿಗೆ! ನಾನು ಬಾಗಿಲ ಹಿಂದೆ ನಿಂತೆ.

“ನಿಮ್ಮನ್ನ ಚೆನ್ನಾಗಿ ಬೈದ್ರು ಕಣ್ರೀ,” ಎಂದು ಅವರು ನಕ್ಕರು. “ಇಂಥ ಹಟಮಾರಿ ಇನ್ನೊಬ್ಬ ಇಲ್ಲ ಅಂದ್ರು. ಆಮೇಲೆ ಅವರೇ ಹೇಳಿದ್ರು. ಅವರ ಸೊಸೆಗೆ ಹೆರಿಗೆ ನೋವು ಬಂದಾಗ ನೀವೇ ಗಾಡಿ ಕಟ್ಕೊಂಡು ಬಂದ್ರಂತೆ. ಆಸ್ಪತ್ರೆ ಮುಟ್ಟೋವರೆಗೂ ಮೂತಿ ತಿರುಗಿಸ್ಕೊಂಡೇ ಇದ್ರಂತೆ. ‘ಅಂಥೋನ ಮನೆ ಎಣ್ಣು, ಕಣ್ ಮುಚ್ಕೊಂಡು ತನ್ನಿ’ ಅಂದ್ರು.”

ಆಮೇಲೆ ದೊಡ್ಡಪ್ಪನ ದನಿ ತಗ್ಗಿತು. “ನಾನು ಹೊರಡ್ತೀನಿ ಅಂತ ಎದ್ರೆ ಕೈ ಹಿಡ್ಕೊಂಡ್ಬಿಟ್ರು. ‘ಇನ್ನೊಸಿ ಕೂತ್ಕೊಳಿ ಸಾಮಿ, ನಮ್ಮೂರ್ ಬಗ್ಗೆ ಕೇಳ್ಕೊಂಡು ಇಲ್ಲೀಗಂಟ ಯಾರೂ ಬಂದಿರ್ನಿಲ್ಲ’ ಅಂದ್ರು. ಸಂಜೆವರೆಗೂ ಒಂದೊಂದು ಮನೆ ವಿಷಯಾನೂ ಹೇಳಿದ್ರು.”

ಶಾಪ ಹಾಕಿದ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ನಾಚಿಕೆಯೂ ಆಯಿತು. ಹೊರಗೆ ಅಪ್ಪ ಲಗ್ನದ ಮಾತನ್ನೇ ಎತ್ತಲಿಲ್ಲ.

“ಅವ್ನು ಉಸಾರಾಗವ್ನಾ?” ಎಂದು ಕೇಳಿದ.