ಟ್ರಾಲಿಯ ಹಿಂದೆ ಅಂಟಿಕೊ ಎಂದವಳು ನಾನೇ

ಬೆಳಿಗ್ಗೆ ಆರೂವರೆ. ತಿಕೋಟಾದಿಂದ ತೊರವಿ ಕಡೆಗಿನ ರಸ್ತೆ. ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನ ಖಾಲಿ ಟ್ರಾಲಿಗೆ ಅಂಟಿಕೊಂಡಂತೆ ಸೈಕಲ್ ಹೊಡೆ ಎಂದು ನಿನಗೆ ಹೇಳಿದವಳು ನಾನು, ಸುಜಾತಾ. ಅದು ನಿನ್ನ ಹುಡುಗಾಟವಲ್ಲ, ನನ್ನ ಆಜ್ಞೆ. ಇಷ್ಟು ವರ್ಷ ಎಲ್ಲರೂ ನಂಬಿರುವುದು ಸುಳ್ಳು— ಆ ಸುಳ್ಳು ಹೇಳಿದವಳೂ ನಾನೇ.

ಶಾಲೆ ಬಿಟ್ಟು ಕೂಲಿಗೆ ಹೋಗಿಬಿಡುವ ಮಕ್ಕಳನ್ನು ಉಳಿಸಿಕೊಳ್ಳಲು ನಮ್ಮ ಸಂಸ್ಥೆಯಿಂದ ನಾವು ರೇಸ್ ಸೈಕಲ್ ಕೊಟ್ಟು ತರಬೇತಿ ನಡೆಸುತ್ತಿದ್ದೆವು. ಶಾಲೆಗೆ ಬಂದವರಿಗಷ್ಟೇ ಸೈಕಲ್— ಒಂದೇ ನಿಯಮ. ನೀನು ಜ್ವರ ಬಂದರೂ ತಪ್ಪಿಸಲಿಲ್ಲ. ಏಳನೆಯ ತರಗತಿಗೇ ನಿನ್ನನ್ನು ಬಿಡಿಸಿ ದ್ರಾಕ್ಷಿ ತೋಟದ ಕೆಲಸಕ್ಕೆ ಹಚ್ಚಬೇಕೆಂದಿದ್ದ ನಿನ್ನಪ್ಪ, ನೀನು ಗೆದ್ದ ಮೊದಲ ಪದಕವನ್ನು ಗಾಂಧಿ ಚೌಕದ ಚಹಾದಂಗಡಿಯವರೆಗೂ ಒಯ್ದು ತೋರಿಸಿ ಬಂದರು. "ಇದು ಮಗಳಲ್ರಿ, ಮೋಟರ್ ಐತಿ! ಸೈಕಲ್ ಹೊಡಿಯೂತನಾ ಸಾಲಿ ಕಲೀಲಿ ಬಿಡ್ರಿ ಅಕ್ಕಾರ," ಅಂದರು.

ಒಂಬತ್ತನೆಯ ತರಗತಿಯಲ್ಲಿ ಕ್ರೀಡಾ ವಸತಿನಿಲಯದ ಆಯ್ಕೆ ಹತ್ತಿರ ಬಂತು. ಆಯ್ಕೆಯಾದರೆ ನಿನ್ನ ಓದಿಗೆ ಯಾರ ಹಂಗೂ ಇರುತ್ತಿರಲಿಲ್ಲ. ನನಗೂ— ಇದನ್ನೂ ಬರೆಯಲೇಬೇಕು— ನಮ್ಮ ಹುಡುಗಿ ಆಯ್ಕೆಯಾದಳು ಎಂದು ಹೇಳಿಕೊಂಡು ತಿರುಗಬೇಕಿತ್ತು. ಆ ದಿನ ಎದುರುಗಾಳಿ. ವಾಹನದ ಮರೆಯಲ್ಲಿ ಗಾಳಿ ತಾಗುವುದಿಲ್ಲ, ವೇಗ ತಾನಾಗಿ ಸಿಗುತ್ತದೆ; ಕಾಲೇಜಿನಲ್ಲಿದ್ದಾಗ ನಾನೂ ಹಾಗೇ ಕಲಿತವಳು. ಹಿಂದೆ ಬರುತ್ತಿದ್ದ ನಾನು ಸ್ಕೂಟಿಯಿಂದ ಕೂಗಿದೆ: "ಟ್ರಾಲಿ ಹಿಂದ ಅಂಟ್ಕೊ! ಬಿಡಬ್ಯಾಡ!"

"ಅಂವ ಬ್ರೇಕ್ ಹಾಕಿದ್ರ ಹೆಂಗ್ರಿ ಅಕ್ಕಾರ?"

"ಅಂಜೂದಿದ್ರ ಸೈಕಲ್ ಇಟ್ಟು ದ್ರಾಕ್ಷಿ ಹರಿಯಾಕ ಹೋಗ ಬೇ!"

ನೀನು ಹೋಗಿ ಅಂಟಿಕೊಂಡೆ. ಟ್ರ್ಯಾಕ್ಟರಿಗೆ ಎಮ್ಮೆಯೊಂದು ಅಡ್ಡ ಬಂತು. ಆ ಬ್ರೇಕಿನ ಸದ್ದು— ಈಗಲೂ ಸ್ಟೇಷನ್ ರಸ್ತೆಯಲ್ಲಿ ಯಾವ ಲಾರಿ ಗಕ್ಕನೆ ನಿಂತರೂ ನನ್ನ ಬೆರಳುಗಳು ತಾವಾಗಿ ಬಿಗಿಯುತ್ತವೆ. ಟ್ರಾಲಿಯ ಹಿಂಬದಿಯ ಕಬ್ಬಿಣ, ನಿನ್ನ ಮುಖ, ನೀನು ಬಿದ್ದ ಮೇಲೂ ತಿರುಗುತ್ತಲೇ ಇದ್ದ ಚಕ್ರ...

ಆಸ್ಪತ್ರೆಯಲ್ಲಿ ನಿನ್ನ ದವಡೆ ಕಟ್ಟಿದ್ದರು. ಬಾಯಿ ತೆರೆಯುವಂತಿರಲಿಲ್ಲ. ನಿನ್ನಪ್ಪ ನಿನ್ನ ಮುಂದೆಯೇ ನನ್ನನ್ನು ಕೇಳಿದರು: "ನೀವ ಹೇಳಿದ್ರೇನ್ರಿ, ಟ್ರಾಲಿ ಬೆನ್ನ ಹತ್ತಂತ?"

"ಇಲ್ರಿ ಕಾಕಾ. ಬ್ಯಾಡಂದ್ರೂ ಹೋದ್ಲು."

ನೀನು ನನ್ನನ್ನೇ ನೋಡಿದೆ. ನಾನು ಸಲೈನ್ ಬಾಟಲಿಯನ್ನು ನೋಡುತ್ತ ನಿಂತೆ.

"ಅಕ್ಕಾರ ಮಾತ ಕೇಳದಾಕಿ ಸಾಲ್ಯಾಗ ಏನ್ ಕಲೀತಾಳ್ರಿ? ಸಾಕಿನ್ನ," ಅಂದರು ನಿನ್ನಪ್ಪ. ನಿನ್ನ ಶಾಲೆ ಅಲ್ಲಿಗೆ ಮುಗಿಯಿತು. ನನ್ನ ಒಂದು ಮಾತು ಸಾಕಾಯಿತು— ಅಷ್ಟು ನಂಬಿದ್ದರು ನನ್ನನ್ನು. ದವಡೆ ಕೂಡಿದ ಮೇಲೆ ನೀನು ಮನೆಯಲ್ಲಿ ನಿಜ ಹೇಳಿದೆಯೋ, ಯಾರೂ ನಂಬಲಿಲ್ಲವೋ— ಕೇಳುವ ಧೈರ್ಯ ನನಗಾಗಲಿಲ್ಲ.

ಹೋದ ತಿಂಗಳು ಬಬಲೇಶ್ವರದ ಒಣದ್ರಾಕ್ಷಿ ಶೆಡ್ಡಿನಲ್ಲಿ ನಿನ್ನನ್ನು ಕಂಡೆ. ನೀನು ದ್ರಾಕ್ಷಿಯಿಂದ ಕಡ್ಡಿ ಆರಿಸುತ್ತ ಕೂತಿದ್ದೆ. "ಆರಾಮ ಅದೀರೇನ್ರಿ ಅಕ್ಕಾರ?" ಎಂದು ನೀನೇ ಕೇಳಿದೆ, ಓರೆಯಾಗಿ ಕೂಡಿದ ಬಾಯಲ್ಲಿ. ನಾನು ಹೂಂ ಅಂದು ಹೊರಟುಬಂದೆ.

ಈ ಭಾನುವಾರ ತಿಕೋಟಾದ ನಿಮ್ಮ ಮನೆಗೆ ಹೋಗಿ ನಿನ್ನಪ್ಪನಿಗೆ ಎಲ್ಲ ಹೇಳುತ್ತೇನೆ. ಅದರಿಂದ ನಿನ್ನ ಶಾಲೆಯ ವರ್ಷಗಳು ವಾಪಸು ಬರುವುದಿಲ್ಲ. ಗೊತ್ತು.

ಇನ್ನೊಂದು ಉಳಿದಿದೆ. ಅಪಘಾತವಾದಂದಿನಿಂದ ನನಗೆ ನಿದ್ದೆ ಇರಲಿಲ್ಲ— ನಿನ್ನ ನೋವಿಗಾಗಿ ಅಲ್ಲ. ನೀನು ಶಾಲೆಗೆ ಮರಳಿ ಬಂದು ಎಲ್ಲರೆದುರು ಬಾಯಿ ಬಿಟ್ಟರೆ ಎಂದು. ನಿನ್ನನ್ನು ಬಬಲೇಶ್ವರಕ್ಕೆ, ಚಿಕ್ಕಮ್ಮನ ಮನೆಗೆ, ಕೂಲಿಗೆ ಕಳಿಸಿದರೆಂದು ತಿಳಿದ ದಿನ ನಾನು ಬೆಳಗಿನವರೆಗೆ ಒಮ್ಮೆಯೂ ಎಚ್ಚರವಾಗದೆ ಮಲಗಿದೆ.