ಉಬ್ಬರದ ಹೊತ್ತು ಬರೆಯುತ್ತಿದ್ದ ಸದಾನಂದ

ಚೆನ್ನೈನಲ್ಲಿ ಅಡ್ಯಾರ್ ಹೊಳೆ ಸಮುದ್ರ ಸೇರುವಲ್ಲಿಂದ ಎರಡು ಬೀದಿ ಈಚೆಗೆ ಸದಾನಂದನ ಇಡ್ಲಿ ಹೋಟೆಲು. ಹದಿನೇಳನೆಯ ವಯಸ್ಸಿಗೆ ಕುಂದಾಪುರದಿಂದ ಬಂದು ಲೋಟ ತೊಳೆದವನು ಐವತ್ತರ ಹೊತ್ತಿಗೆ ಎಂಟು ಮೇಜುಗಳ ಯಜಮಾನನಾಗಿದ್ದ. ೨೦೧೫ರ ಡಿಸೆಂಬರಿನ ನೆರೆಗೆ ಆ ಎಂಟೂ ಮೇಜು ತೇಲಿಹೋದವು. ಅವನೂ ಹೆಂಡತಿ ಚಂದ್ರಮತಿಯೂ ತಾರಸಿಯ ಮೇಲೆ ಇಡೀ ದಿನ ಒದ್ದೆಯಾಗಿ ಕೂತಿದ್ದರು.

ಮಳೆ ಕಡಿಮೆಯಾದ ಮೇಲೂ ನೀರೇಕೆ ಏರಿತು? ಈ ಪ್ರಶ್ನೆ ಅವನನ್ನು ಬಿಡಲಿಲ್ಲ. ಉತ್ತರ ಹೇಳಿದವಳು ಮೀನು ಮಾರುವ ಸುಗುಣಾ. "ಅಣ್ಣಾ, ಕಡಲು ಉಬ್ಬಿದಾಗ ಹೊಳೆ ಎಲ್ಲಿಗೆ ಹೋಗಬೇಕು? ನಮ್ಮ ಕಡೆಗೇ ತಿರುಗುತ್ತದೆ," ಎಂದಳು ತಮಿಳಿನಲ್ಲಿ.

ಅಂದಿನಿಂದ ಮಳೆಗಾಲದಲ್ಲಿ ಹೋಟೆಲಿನ ಕರಿಹಲಗೆಯ ಮೇಲೆ ಪೊಂಗಲ್, ವಡೆಯ ಕೆಳಗೆ ಅವತ್ತಿನ ಉಬ್ಬರದ ಹೊತ್ತೂ ಇರುತ್ತಿತ್ತು. "ಇದು ಯಾವ ತಿಂಡಿ?" ಎಂದು ಗಿರಾಕಿಗಳು ನಗುತ್ತಿದ್ದರು. ಸದಾನಂದ ತಾನೂ ನಗುತ್ತಿದ್ದ. ಅಳಿಸುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಇನ್ನೊಂದು ಚಂಡಮಾರುತ ಬಂತು. ಆ ದಿನ ಹಲಗೆಯಲ್ಲಿ 'ಸಂಜೆ ನಾಲ್ಕು' ಎಂದಿತ್ತು. ಹನ್ನೊಂದಕ್ಕೇ ಒಲೆ ಆರಿಸಿ, ಮೇನ್ ಸ್ವಿಚ್ ಇಳಿಸಿ, ರುಬ್ಬುವ ಕಲ್ಲನ್ನು ಮೇಲೆ ಸಾಗಿಸಿ, ಅವನು ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದ. "ನಾಲ್ಕರೊಳಗೆ ಶಾಲೆಯ ಮಾಳಿಗೆಗೆ ಹತ್ತಿ!"

ಜನ ಹೊರಟರು. ಮೂಲೆಮನೆಯ ಎಂಬತ್ತರ ತುಂಗಮ್ಮ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. "ಮಳೆ ನಿಲ್ತಾ ಬಂತು. ಸುಮ್ಮನೆ ಹೆದರಿಸ್ಬೇಡ."

ಸದಾನಂದನ ವಿವರಣೆಯೆಲ್ಲ ಮುಗಿದ ಮೇಲೆ ಚಂದ್ರಮತಿ ಆಕೆಯ ಪಕ್ಕ ಕುಕ್ಕರಿಸಿದಳು. "ಅಮ್ಮಾ, ಅಲ್ಲಿ ನೂರು ಜನಕ್ಕೆ ಸಾಂಬಾರ್ ಮಾಡ್ಕ್. ನಂದೊಂದೇ ಕೈ ಸಾಲುದಿಲ್ಲೆ. ಬೀನ್ಸ್ ಹೆಚ್ಚಿಕೊಡ್ತ್ರಿಯಾ?"

ತುಂಗಮ್ಮ ಕನ್ನಡಕ ಹುಡುಕಿಕೊಂಡು ಎದ್ದರು.

ಐದು ಗಂಟೆಗೆ ಹೊಳೆ ಬೀದಿಗೆ ನುಗ್ಗಿತು. ಮೂಲೆಮನೆಯ ಕಿಟಕಿಯವರೆಗೂ ನೀರು. ಮಾಳಿಗೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದ ತುಂಗಮ್ಮ ಒಮ್ಮೆ ಹೊರಗೆ ನೋಡಿದರು. ಚಂದ್ರಮತಿಯ ಸೆರಗನ್ನು ಎಡಗೈಯಲ್ಲಿ ಹಿಡಿದುಕೊಂಡರು.

ಮರುದಿನ ಕಡಲು ಇಳಿಯಿತು, ಅದರ ಹಿಂದೆಯೇ ಬೀದಿಯ ನೀರೂ ಇಳಿಯತೊಡಗಿತು. ಸದಾನಂದ ಮೊದಲು ಇಳಿದು, ಕೋಲಿನಿಂದ ತಡಕಿ, ಮುಚ್ಚಳ ಕಿತ್ತುಹೋದ ಚರಂಡಿಯ ಬಾಯಿಗೆ ಒಂದು ಬೆಂಚು ಅಡ್ಡ ಇಟ್ಟ. ಆಮೇಲೆ ಒಬ್ಬೊಬ್ಬರನ್ನೇ ಕರೆದ. ತುಂಗಮ್ಮನ ಕೈ ಹಿಡಿದು ಕೆಸರು ದಾಟಿಸುವಾಗ ಅವರು ಕೇಳಿದರು, "ಹೋಟೆಲು ಯಾವಾಗ ತೆರೀತೀಯ?"

"ಕೆಸರು ತೆಗೆದ ಮೇಲೆ, ಅಮ್ಮಾ."

"ನನಗೊಂದು ಪೊರಕೆ ಕೊಡು. ಕೂತಲ್ಲೇ ಗುಡಿಸ್ತೇನೆ."